ಹಲ್ಲುಸಾಲು ದಾಟಿದ ಸೈಕಲ್ಲು

ಭಾನುವಾರ, ಮಾರ್ಚ್ ಹತ್ತು
ಮಧ್ಯಾಹ್ನ, ಊಟವಾದ ಮೇಲೆ

ಹಳೆಯ ಸವಾರರಿಗೆ ಹೊಸ ಸವಾರಳ ನಮಸ್ಕಾರ.

ನಿಮ್ಮ ಪತ್ರ ಬಂದು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆ ಕೇಳುವುದಿಲ್ಲ, ಏಕೆಂದರೆ ಉತ್ತರ ಏನೆಂದು ಇವತ್ತು ಬೆಳಿಗ್ಗೆಯವರೆಗೆ ನನಗೂ ಗೊತ್ತಿರಲಿಲ್ಲ. ಹಜಾರದಲ್ಲಿರುವ ನಿಮ್ಮ ಗುಡ್ಡದ ಸೈಕಲ್ಲನ್ನು ಈ ಭಾನುವಾರ ನಿಮ್ಮ ಸವಾರಿ ತಂಡದ ಹಲ್ಲಿನ ಡಾಕ್ಟರ ಕಾರಿಗೆ ಹಾಕಿ ಕಳುಹಿಸಬೇಕೆಂದು ಕೇಳಿದ್ದೀರಿ. ಅಲ್ಲಿ ಸುಮ್ಮನೆ ಧೂಳು ತಿನ್ನುತ್ತಾ ಬಿದ್ದಿರುತ್ತದೆ ಎಂದು ಬೇರೆ ಬರೆದಿದ್ದೀರಿ. ಧೂಳು ತಿನ್ನುತ್ತಿರುವುದು ನಿಜ. ಆದರೆ ಸುಮ್ಮನೆ ಅಲ್ಲ, ಬಿದ್ದುಕೊಂಡೂ ಅಲ್ಲ. ಬೀಳುವ ಕೆಲಸವನ್ನೆಲ್ಲ ನಾನು ವಹಿಸಿಕೊಂಡಿದ್ದೇನೆ.

ಕೊಡುತ್ತೇನೋ ಇಲ್ಲವೋ ಎಂಬುದು ಪತ್ರದ ಕೊನೆಯಲ್ಲಿದೆ. ನೇರ ಕೊನೆಯ ಪುಟಕ್ಕೆ ಹಾರುವ ನಿಮ್ಮ ಅಭ್ಯಾಸ ಗೊತ್ತು, ಹಾರಬೇಡಿ. ನಡುವೆ ಅಲ್ಲಲ್ಲಿ ಪ್ರಾಸ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ಮದುವೆಯಾದಾಗಿನಿಂದ ಹಾಕಿಕೊಂಡು ಬಂದಿದ್ದೀರಿ, ಇದೂ ಹಿಡಿಸುತ್ತದೆ.

ನೀವು ಹೊರಟ ದಿನ ಎರಡು ಸೂಟ್‌ಕೇಸು, ಇಸ್ತ್ರಿ ಪೆಟ್ಟಿಗೆ, ನನ್ನ ಮೇಲಿನ ಸಿಟ್ಟು, ಇಷ್ಟೂ ಕಾರಿನಲ್ಲಿ ಹಿಡಿಸಿದವು. ಸೈಕಲ್ಲು ಹಿಡಿಸಲಿಲ್ಲ. ಆಮೇಲೆ ತರಿಸ್ಕೋತೀನಿ ಎಂದಿರಿ. ಆ 'ಆಮೇಲೆ' ಒಂದೂವರೆ ವರ್ಷ ಎಳೆಯಿತು. ಮೊದಮೊದಲು ನಾನು ಅದಕ್ಕೆ ಕೊಟ್ಟ ಕೆಲಸ ಬಟ್ಟೆ ಒಣಗಿಸುವುದು. ಹ್ಯಾಂಡಲ್ ಮೇಲೆ ಟವೆಲ್, ಬ್ರೇಕಿನ ಮೇಲೆ ಕಾಲುಚೀಲ, ಸೀಟಿನ ಮೇಲೆ ಪತ್ರದಲ್ಲಿ ಬರೆಯಬಾರದ್ದು. ಮಳೆಗಾಲದಲ್ಲಿ ಬಹಳ ಉಪಕಾರವಾಯಿತು.

ಮೇಲಿನ ಮನೆಯ ಆಂಟಿ ನಿಮಗೆ ನೆನಪಿರಬೇಕು. ಈಜುಕೊಳದಲ್ಲಿ ತರಬೇತಿ ಕೊಟ್ಟು ನಿವೃತ್ತರಾದವರು, ಮೆಟ್ಟಿಲ ಮೇಲೆ ಸಿಕ್ಕರೂ ಸೀಟಿ ಊದಿದ ಹಾಗೆ ಮಾತಾಡುವವರು. ಒಂದು ದಿನ ಏಣಿ ಕೇಳಲು ಬಂದು ಹಜಾರದಲ್ಲಿ ನಿಂತುಬಿಟ್ಟರು. 'ಬಟ್ಟೆ ಒಣಹಾಕೋಕೆ ಇಷ್ಟು ದುಬಾರಿ ಕಂಬೀನಾ? ಓಡಿಸೋಕೆ ಬರುತ್ತಾ ನಿನಗೆ?' ಬರಲ್ಲ ಎಂದೆ. 'ಕಲಿಯೋಕೆ?' ನಲವತ್ತೈದಾಯ್ತು ಆಂಟಿ ಎಂದೆ. 'ನಾನು ವಯಸ್ಸು ಕೇಳಲಿಲ್ಲ. ಚಪ್ಪಲಿ ಬಿಟ್ಟು ಶೂ ಹಾಕ್ಕೊಂಡು ಬಾ.'

ಏಣಿ ಇವತ್ತಿಗೂ ನಮ್ಮ ಮನೆಯಲ್ಲೇ ಇದೆ.

ನೀವೂ ಒಮ್ಮೆ ಕಲಿಸಲು ಬಂದಿದ್ದಿರಿ. ಮದುವೆಯಾದ ಹೊಸತು. ಹಿಂದಿನಿಂದ ಸೀಟು ಹಿಡಿದು ಓಡಿಬಂದು, ಹೇಳದೆ ಕೈಬಿಟ್ಟು, ನಾನು ಬೇಲಿಯೊಳಗೆ ಹೋಗಿ ಕೂತಾಗ ಹೊಟ್ಟೆ ಹಿಡಿದು ನಕ್ಕಿರಿ. 'ಬ್ಯಾಲೆನ್ಸ್ ಅನ್ನೋದು ಹುಟ್ಟಿನಿಂದ ಬರಬೇಕು ಕಣೇ' ಎಂದಿರಿ. ನಾನು ನಂಬಿದೆ. ಅಲ್ಲಿಂದಾಚೆ ನನ್ನ ಪಾಲಿಗೆ ಬಂದ ಭಾನುವಾರಗಳು ಗುಡ್ಡದ ಬುಡದಲ್ಲಿ ಕಾರಿನೊಳಗೆ ಕೂತು, ಬಾಳೆಹಣ್ಣು ಮತ್ತು ನೀರಿನ ಬಾಟಲಿ ಕಾಯುವ ಭಾನುವಾರಗಳು. ನೀವು, ಡಾಕ್ಟರು, ಉಳಿದ ತಂಡದವರು ಮೈಯೆಲ್ಲ ಧೂಳು ಮೆತ್ತಿಕೊಂಡು, ಯುದ್ಧ ಗೆದ್ದ ಮುಖ ಹೊತ್ತು ಇಳಿದು ಬರುತ್ತಿದ್ದಿರಿ. ನಾನು ಹಣ್ಣು ಹಂಚುತ್ತಿದ್ದೆ.

ಆಂಟಿ ಸೀಟು ಹಿಡಿಯಲಿಲ್ಲ. ಕಟ್ಟಡದ ತಳಮಹಡಿಯಲ್ಲಿ, ಕಾರುಗಳೆಲ್ಲ ಕೆಲಸಕ್ಕೆ ಹೋದ ಮೇಲೆ, ಸೀಟನ್ನು ತೀರಾ ಕೆಳಕ್ಕೆ ಇಳಿಸಿ ಪೆಡಲ್ ಎರಡನ್ನೂ ಬಿಚ್ಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. 'ಈಜು ಕಲಿಸುವಾಗ ಮೊದಲು ಕೈಕಾಲು ಬಡಿಯೋದು ಕಲಿಸಲ್ಲ ನಾವು. ತೇಲೋದು ಕಲಿಸ್ತೀವಿ. ಕಾಲಲ್ಲಿ ನೆಲ ತಳ್ಳು, ಎತ್ತು, ತೇಲು.' ನನ್ನ ಕನ್ನಡಕದ ಅಂಗಡಿಗೆ ವಾರದ ರಜೆ ಇದ್ದ ದಿನಗಳಲ್ಲೆಲ್ಲ ನಾನು ಪೆಡಲ್ ಇಲ್ಲದ ಸೈಕಲ್ಲಿನ ಮೇಲೆ ಬಾತುಕೋಳಿಯಂತೆ ತಳಮಹಡಿ ಸುತ್ತಿದೆ. ಕಂಬ ಕಂಡರೆ ಸಾಕು, ಚಕ್ರಕ್ಕೆ ಅದೇ ಬೇಕು. ಅಷ್ಟು ವಿಶಾಲವಾದ ಜಾಗದಲ್ಲಿ ಹುಡುಕಿಕೊಂಡು ಹೋಗಿ ಕಂಬಕ್ಕೇ ಗುದ್ದುತ್ತಿದ್ದೆ. 'ಕಂಬ ನೋಡಬೇಡ, ಪಕ್ಕದ ಖಾಲಿ ಜಾಗ ನೋಡು. ನೀನು ಎಲ್ಲಿ ನೋಡ್ತೀಯೋ ಅದು ಅಲ್ಲಿಗೆ ಹೋಗುತ್ತೆ' ಎಂದು ಆಂಟಿ ಕೂಗುತ್ತಿದ್ದರು.

ಒಂದು ದಿನ ಕಾಲು ಎತ್ತಿದೆ, ಇಳಿಸುವುದು ಮರೆತೆ. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೂ ತೇಲಿಕೊಂಡು ಹೋದೆ. ಬ್ರೇಕ್ ಹಾಕಿ ನಿಂತು ತಿರುಗಿ ನೋಡಿದರೆ ಆಂಟಿ ಚೀಲದಿಂದ ಪೆಡಲ್ ತೆಗೆಯುತ್ತಿದ್ದರು. ಹೊಗಳಲಿಲ್ಲ. 'ಹೂಂ, ಇವತ್ತು ಇವನ್ನ ಹಾಕೋಣ' ಎಂದರು. ಹುಟ್ಟಿನಿಂದ ಬಾರದ್ದು ಆ ತಳಮಹಡಿಯಲ್ಲಿ ಬಂತು. ನಾನು ಅಲ್ಲೇ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಅತ್ತೆ. ಈ ಸಾಲನ್ನು ನೀವು ಎರಡು ಸಲ ಓದುವ ಅಗತ್ಯವಿಲ್ಲ.

ಆಮೇಲೆ ನದಿಯ ಪಕ್ಕದ ರಸ್ತೆ. ಆಮೇಲೆ ಸೇತುವೆ. ಗೇರು ಎಂಬುದು ಅರ್ಥವಾಗುವ ಮೊದಲು ಏರಿನಲ್ಲಿ ಅತಿ ಭಾರದ ಗೇರು ಹಾಕಿಕೊಂಡು ತೆವಳುತ್ತಿದ್ದಾಗ, ನಡೆದು ಹೋಗುವವರು ನನ್ನನ್ನು ಹಿಂದೆ ಹಾಕಿ 'ಪಂಕ್ಚರ್ ಆಗಿದೆಯಾ' ಎಂದು ಕೇಳಿಹೋದರು. ಕ್ರಮೇಣ ಅಂಗಡಿಗೂ ಸೈಕಲ್ಲಿನಲ್ಲೇ ಹೋಗತೊಡಗಿದೆ. ಹೆಲ್ಮೆಟ್ ತೆಗೆದ ಕೂದಲಲ್ಲಿ ಗಿರಾಕಿಯ ಮುಂದೆ ನಿಂತು ಕನ್ನಡಕದ ಚೌಕಟ್ಟು ತೋರಿಸಿದರೆ ಅವರು ಚೌಕಟ್ಟು ಬಿಟ್ಟು ನನ್ನ ತಲೆ ನೋಡುತ್ತಾರೆ. ನೋಡಲಿ. ನಾನು ಬರೆದ ಸಾಲು ಈಗಲೂ ಅಂಗಡಿಯ ಗೋಡೆಯ ಮೇಲಿದೆ: 'ಮೂಗಿನ ಮೇಲೆ ಭಾರವಿಲ್ಲ, ದೂರ ಇನ್ನು ದೂರವಲ್ಲ.' ಬರೆದು ಎಷ್ಟೋ ವರ್ಷದ ಮೇಲೆ ನನಗೇ ಅದು ನಿಜವೆನ್ನಿಸಿತು.

ಚಳಿಗಾಲದ ಒಂದು ಭಾನುವಾರ ಗುಡ್ಡದ ಬುಡದಲ್ಲಿ ತಂಡದ ಮುಂದೆ ಹೋಗಿ ನಿಂತೆ. ಡಾಕ್ಟರು ನನ್ನನ್ನು ನೋಡಿದವರೇ ಅಭ್ಯಾಸಬಲದಿಂದ 'ಬಾಳೆಹಣ್ಣು ತಂದ್ರಾ?' ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ಸೈಕಲ್ಲು ನೋಡಿ ಅವರ ಮುಖ ಹುಳ್ಳಗಾಯಿತು. 'ಇದು ಅವರದಲ್ವಾ?' ಅವರದೇ, ಅವರು ಇಲ್ಲವಲ್ಲ ಎಂದೆ. ಸಾಮಾನ್ಯವಾಗಿ ಅವರ ಎದುರು ಬೇರೆಯವರು ಮಾತು ಬಾರದೆ ಕೂತಿರುತ್ತಾರೆ. ಅವತ್ತು ಉಲ್ಟಾ ಆಯಿತು.

ನೀವು ಗುಡ್ಡಕ್ಕೆ ಹೋಗುತ್ತಿದ್ದದ್ದು ನನ್ನಿಂದ ದೂರ ಇರಲಿಕ್ಕೆ ಎಂದು ನಾನು ಅಂದುಕೊಂಡಿದ್ದೆ. ನಮ್ಮ ಅರ್ಧ ಜಗಳಕ್ಕೆ ಅದೇ ಮೂಲ. ಮೊದಲ ಸಲ ಸೈಕಲ್ಲು ತಳ್ಳಿಕೊಂಡು, ಏದುಸಿರು ಬಿಟ್ಟುಕೊಂಡು ತುದಿ ಮುಟ್ಟಿದಾಗ ಕೆಳಗೆ ಊರು ಅಂಗೈಯಗಲ ಇತ್ತು. ಗಾಳಿ ಬೆವರನ್ನು ಆರಿಸುತ್ತಿತ್ತು. ಗುಡ್ಡಕ್ಕೆ ಹೋಗುವುದು ಗುಡ್ಡಕ್ಕಾಗಿಯೇ, ಹೆಂಡತಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಆಗ ತಿಳಿಯಿತು. ಸಮಾಧಾನವಾಯಿತು, ಸ್ವಲ್ಪ ಅವಮಾನವೂ ಆಯಿತು.

ಇಳಿಯುವ ದಾರಿ ನಿಮಗೆ ನಾನು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ, ಈಗ ಅದು ನನ್ನದೂ ಹೌದು. ಹಳೆಯ ಕಲ್ಲುಗಣಿಯ ಅಂಚು, ಬೇರುಗಳ ತಿರುವು, ಆಮೇಲೆ ನಿಮ್ಮ ತಂಡದವರು ಹಲ್ಲುಸಾಲು ಎಂದು ಕರೆಯುವ ಜಾಗ. ಇಕ್ಕೆಲದಲ್ಲೂ ದವಡೆಯಂತೆ ಎದ್ದ ಕಲ್ಲುಗಳು, ನಡುವೆ ಚಕ್ರದಗಲದ ಮಣ್ಣು, ಕೊನೆಯಲ್ಲಿ ಬಲಕ್ಕೆ ಚೂಪಾದ ಕೋರೆಹಲ್ಲು. ಅದನ್ನು ತಪ್ಪಿಸಿದರೆ ನಾಲಿಗೆಯಂಥ ನುಣುಪು ಬಂಡೆ, ಕೆಳಗೆ ಹುಲ್ಲು. ಡಾಕ್ಟರು ಪಾಠ ಹೇಳಿಕೊಟ್ಟರು: ಸೀಟು ತಗ್ಗಿಸಿ, ಎದ್ದು ನಿಲ್ಲಿ, ಪೆಡಲ್ ಎರಡೂ ಸಮ ಇರಲಿ, ಸೊಂಟ ಹಿಂದಕ್ಕೆ, ಮುಂದಿನ ಬ್ರೇಕನ್ನು ಹಠಾತ್ತನೆ ಅದುಮಬೇಡಿ. 'ಹಲ್ಲು ಕಚ್ಚಬೇಡಿ, ಬಾಯಿ ಸಡಿಲ ಬಿಡಿ. ಕುರ್ಚೀಲಿ ಕೂತೋರಿಗೆ ಹೇಳೋದನ್ನೇ ನಿಮಗೂ ಹೇಳ್ತಿದೀನಿ.' ನಾನು ಪಾಠವನ್ನು ಪ್ರಾಸಕ್ಕೆ ಇಳಿಸಿಕೊಂಡೆ: ನೋಟ ಮುಂದೆ, ಭಾರ ಹಿಂದೆ, ಬ್ರೇಕಿಗೆ ಬೆರಳು ಒಂದೇ ಒಂದೆ.

ಪ್ರಾಸ ಚೆನ್ನಾಗಿತ್ತು. ನಾನು ಕೋರೆಹಲ್ಲಿಗೆ ಹೋಗಿ ಬಿದ್ದೆ. ಮುಂದಿನ ಭಾನುವಾರವೂ ಅದೇ ಕಲ್ಲು, ಅದೇ ಮೊಣಕೈ. ಅದರಾಚೆಯ ವಾರಗಳಲ್ಲಿ ಕಾಲೂರಿ, ಇಳಿದು, ತಳ್ಳಿಕೊಂಡು ದಾಟಿದೆ.

ಅಷ್ಟರಲ್ಲಿ ನಿಮ್ಮ ಪತ್ರ ಬಂತು. ಮಾರನೆಯ ದಿನವೇ ಡಾಕ್ಟರು ಕನ್ನಡಕ ಸರಿಮಾಡಿಸುವ ನೆಪದಲ್ಲಿ ಅಂಗಡಿಗೆ ಬಂದರು. ಸರಿಯಾಗೇ ಇದ್ದ ಕನ್ನಡಕವನ್ನು ನಾನೂ ಒಂದಿಷ್ಟು ತಿರುವಿ ತಿರುವಿ ನೋಡಿದೆ. ಕೊನೆಗೆ ಅವರೇ ಬಾಯಿಬಿಟ್ಟರು. 'ನನ್ನನ್ನ ಯಾಕೆ ಸಿಕ್ಕಿಸ್ತಾರೋ ನಿಮ್ಮಿಬ್ಬರ ಮಧ್ಯೆ. ಸೈಕಲ್ಲು ಅವರದು. ತಗೊಂಡು ಬಾ ಅಂದಿದಾರೆ. ನಾನೇನು ಹೇಳ್ಲಿ?' ನಾನು ಹೇಳಿದೆ: ಭಾನುವಾರ ಕಾರು ತನ್ನಿ. ಅದಕ್ಕೂ ಮುಂಚೆ ಅದೇ ಸೈಕಲ್ಲಿನಲ್ಲಿ ಹಲ್ಲುಸಾಲು ಇಳೀತೀನಿ. ಒಂದು ಕಾಲು ನೆಲಕ್ಕೆ ತಾಗಿದರೂ ನಾನೇ ಎತ್ತಿ ನಿಮ್ಮ ಕಾರಿಗೆ ಹಾಕ್ತೀನಿ, ಒರೆಸಿ, ಎಣ್ಣೆ ಬಿಟ್ಟು. ತಾಗದಿದ್ದರೆ ಕಾರು ಖಾಲಿ ಹೋಗುತ್ತೆ. ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು, ತೆಗೆದು ನೋಡಿದರು. 'ಮೂಳೆ ಮುರಿದ್ರೆ ನಾನು ಹಲ್ಲಿನ ಡಾಕ್ಟರು, ನೆನಪಿರಲಿ' ಎಂದು ಕೈ ಕುಲುಕಿದರು.

ನೀವು ಬೇರೆ ಸೈಕಲ್ಲು ಕೊಂಡುಕೋ ಎನ್ನಬಹುದು. ಅಂಗಡಿಯಲ್ಲಿ ಸಿಗುತ್ತದೆ, ಗೊತ್ತು. ಆದರೆ ನಾನು ತೇಲಿದ್ದು ಇದರ ಮೇಲೆ. ಇದರ ಹ್ಯಾಂಡಲ್ಲಿನ ರಬ್ಬರು ನನ್ನ ಕೈಯ ಅಚ್ಚಿಗೆ ಸವೆದಿದೆ. ನೀವೂ ನಾನೂ ಒಂದೇ ಎತ್ತರ, ನೀವು ಎಂದೂ ಒಪ್ಪದಿದ್ದರೂ, ಹಾಗಾಗಿ ಅಳತೆಯೂ ನನ್ನದೇ. ಇದನ್ನು ಕಾರಿಗೆ ಹಾಕಿ ಕಳಿಸಿ ಮತ್ತೆ ಖಾಲಿ ಹಜಾರ ನೋಡಲು ನನಗೆ ಮನಸ್ಸಿರಲಿಲ್ಲ. ಒಮ್ಮೆ ನೋಡಿದ್ದೇ ಸಾಕಾಗಿತ್ತು.

ಮಂಗಳವಾರ ಮುಂಜಾನೆ ಡಾಕ್ಟರನ್ನು ಎಬ್ಬಿಸಿಕೊಂಡು ಹೋಗಿ ಒಂದು ಸಲ ಇಳಿದು ನೋಡಿದೆ. 'ತಲೆ ಎತ್ತಿ, ತಲೆ ಎತ್ತಿ' ಎಂದು ಅವರು ಕೆಳಗಿನಿಂದ ಕೂಗಿದರು. ನಾನು ವಿಧೇಯಳಾಗಿ ತಲೆ ಎತ್ತಿದೆ. ಎತ್ತಿದಷ್ಟೂ ಕಲ್ಲುಗಳು ನೆನೆದ ಸೋಪಿನಂತೆ ಉಬ್ಬಿ, ಅತ್ತಿತ್ತ ಜಾರಾಡಿದವು. ಬಿದ್ದೆ. ಈ ಸಲ ಇನ್ನೊಂದು ಮೊಣಕೈ. ಧೈರ್ಯ ಸಾಲದು ಎಂದುಕೊಂಡೆ. ವಯಸ್ಸು ಎಂದುಕೊಂಡೆ. ಹುಟ್ಟಿನಿಂದ ಬರಬೇಕು ಎಂಬ ನಿಮ್ಮ ಹಳೆಯ ಮಾತೂ ಕಿವಿಯಲ್ಲಿ ಬಂದು ಕೂತಿತು.

ಗುರುವಾರ ಅಂಗಡಿಗೆ ಒಬ್ಬ ಹಿರಿಯ ಹೆಂಗಸು ಬಂದರು. ದೂರಕ್ಕೂ ಓದುವುದಕ್ಕೂ ಒಂದೇ ಗಾಜು ಬೇಕೆಂದು ಹಿಂದಿನ ವಾರ ಹೊಸದಾಗಿ ಮಾಡಿಸಿಕೊಂಡು ಹೋದವರು. ಸಿಟ್ಟಿನಲ್ಲಿದ್ದರು. 'ಏನಮ್ಮಾ ಇದು, ಹತ್ತೋವಾಗ ಸರಿ ಇರುತ್ತೆ, ಇಳಿಯೋವಾಗ ಮೆಟ್ಟಿಲು ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಮೊಮ್ಮಗಳ ಕೈ ಹಿಡ್ಕೊಂಡು ಇಳೀಬೇಕು.' ಇಂಥವರಿಗೆ ಹೇಳುವ ಮಾತು ನನಗೆ ಬಾಯಿಪಾಠ. ವರ್ಷಗಟ್ಟಲೆಯಿಂದ ಹೇಳುತ್ತಿದ್ದೇನೆ: ಅಮ್ಮಾ, ಗಾಜಿನ ಮೇಲ್ಭಾಗ ದೂರಕ್ಕೆ, ಕೆಳಭಾಗ ಓದೋಕೆ. ಮೆಟ್ಟಿಲು ಇಳಿಯುವಾಗ ತಲೆ ನೆಟ್ಟಗಿಟ್ಟು ಕಣ್ಣು ಮಾತ್ರ ಇಳಿಸಿದರೆ ಓದುವ ಗಾಜಿನಲ್ಲಿ ಮೆಟ್ಟಿಲು ನೋಡಿದ ಹಾಗೆ, ಅದು ಉಬ್ಬಿ ಜಾರಿದಂತೆ...

ಅಲ್ಲಿಗೆ ನನ್ನ ಬಾಯಿ ನಿಂತಿತು. ಆಕೆ 'ಹೂಂ, ಮುಂದೆ?' ಎಂದರು.

ನಾನು ಕೈ ಎತ್ತಿ ನನ್ನ ಮೂಗಿನ ಮೇಲಿದ್ದದ್ದನ್ನು ತೆಗೆದು ನೋಡಿದೆ. ಅದೇ ಗಾಜು. ಎರಡು ವರ್ಷದ ಹಿಂದೆ ಓದಲು ಕಷ್ಟವಾದಾಗ ನನಗೆ ನಾನೇ ಅಳತೆ ತೆಗೆದು ಹಾಕಿಕೊಂಡದ್ದು. ಊರಿಗೆಲ್ಲ ಎಚ್ಚರಿಕೆ ಹೇಳಿ, ಪೀನ ಮಸೂರ ನಿಮ್ನ ಮಸೂರ ಎಂದು ಪರೀಕ್ಷೆಯಲ್ಲಿ ಚಿತ್ರ ಬರೆದು ಮೊದಲ ದರ್ಜೆ ತೆಗೆದುಕೊಂಡವಳು, ಓದುವ ಗಾಜಿನಲ್ಲಿ ಗುಡ್ಡ ಇಳಿಯುತ್ತಿದ್ದೆ. ಸಮತಟ್ಟಾದ ರಸ್ತೆಯಲ್ಲಿ ನೋಟ ದೂರವಿದ್ದುದರಿಂದ ಗೊತ್ತೇ ಆಗಿರಲಿಲ್ಲ. ಗುಡ್ಡದಲ್ಲಿ ಡಾಕ್ಟರು ತಲೆ ಎತ್ತಿ ಎಂದಷ್ಟೂ ನನ್ನ ಕಣ್ಣು ಕೆಳಗಿನ ಭಾಗಕ್ಕೆ ಇಳಿಯುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಆ ಅಮ್ಮನಿಗೆ ತಮ್ಮ ಕಷ್ಟ ನೋಡಿ ನಗುತ್ತಿದ್ದಾಳೆಂದು ಇನ್ನಷ್ಟು ಕೋಪ ಬಂತು. ಮೊಣಕೈ ಎರಡನ್ನೂ ತೋರಿಸಿದ ಮೇಲೆ ಅವರೂ ನಕ್ಕರು. 'ನಾನಾದ್ರೂ ಮೆಟ್ಟಿಲು ಇಳೀತಿದ್ದೆ. ನಿಂಗೇನಮ್ಮಾ ಬಂದಿತ್ತು' ಎಂದರು.

ಅವತ್ತು ಸಂಜೆಯೇ ಬರೀ ದೂರದ ನೋಟದ ಗಾಜನ್ನು ಗಟ್ಟಿ ಚೌಕಟ್ಟಿಗೆ ಕತ್ತರಿಸಿ ಕೂರಿಸಿದೆ. ಅದರಲ್ಲಿ ಗೇರಿನ ಅಂಕಿ ಕಾಣುವುದಿಲ್ಲ. ಬೆರಳಿಗೆ ಗೊತ್ತಿದೆ, ಕಣ್ಣಿಗೇಕೆ.

ಇವತ್ತು ಬೆಳಿಗ್ಗೆ. ಡಾಕ್ಟರು ಕಾರು ತಂದಿದ್ದರು. ಹಿಂಬದಿಯ ಸೀಟು ಮಡಚಿ, ಹಳೆಯ ಚಾದರವನ್ನೂ ಹಾಸಿ ತಂದಿದ್ದರು. ಆ ಚಾದರ ನೋಡಿ ನನಗೆ ರೇಗಿತು. ರೇಗಿದ್ದು ಒಳ್ಳೆಯದೇ ಆಯಿತು, ಏರು ಹತ್ತುವಾಗ ಎಲ್ಲೂ ಇಳಿಯಲಿಲ್ಲ. ಆಂಟಿಯೂ ಬಂದಿದ್ದರು, ಕೊಡೆ ಹಿಡಿದು ಹುಲ್ಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ತಂಡದವರು ಎರಡೂ ಬದಿ ನಿಂತಿದ್ದರು. ಡಾಕ್ಟರು ನಾಲಿಗೆಬಂಡೆಯ ಬುಡದಲ್ಲಿ.

ಸೀಟು ತಗ್ಗಿಸಿದೆ. ಗಣಿಯ ಅಂಚು ದಾಟಿತು. ಬೇರುಗಳ ಮೇಲೆ ಚಕ್ರ ಗಡಗಡ ಎಂದು ಮೈಯೆಲ್ಲ ಅಲುಗಿತು, ಬಾಯಿ ಸಡಿಲ ಬಿಟ್ಟೆ. ತಿರುವು ಮುಗಿದು ಹಲ್ಲುಸಾಲು ತೆರೆದುಕೊಂಡಾಗ ಮೊದಲ ಸಲ ನಾನು ಅದನ್ನು ನೋಡಿದೆ. ನೋಡಿದೆ ಎಂದರೆ ನಿಜವಾಗಿ ನೋಡಿದೆ: ಒಂದೊಂದು ಕಲ್ಲಿಗೂ ಅಂಚಿತ್ತು, ನೆರಳಿತ್ತು, ನಡುವಿನ ಮಣ್ಣು ರಿಬ್ಬನ್ನಿನಂತೆ ಬಿಚ್ಚಿಕೊಂಡು ಹೋಗಿತ್ತು. ಇಷ್ಟು ಅಗಲ ಇತ್ತೇ ಇದು ಎನ್ನಿಸಿತು. ಕೋರೆಹಲ್ಲು ಎಂದಿನಂತೆ ಬಲಗಡೆ ಕಾಯುತ್ತಿತ್ತು. ಅದರ ಕಡೆ ಕಣ್ಣು ಹಾಯಿಸಲಿಲ್ಲ. ಆಚೆಯ ಹುಲ್ಲಿನ ಹಸಿರನ್ನೇ ನೋಡಿದೆ. ಮುಂದಿನ ಚಕ್ರ ಒಂದು ಕಲ್ಲಿಗೆ ತಾಗಿ ಎಗರಿತು, ಸೊಂಟ ಹಿಂದಕ್ಕೆ ಹೋಯಿತು, ಎಡಗಾಲು ನೆಲ ಹುಡುಕಲು ಹೊರಟಿತು. ಬೇಡ ಎಂದು ಅದಕ್ಕೆ ಹೇಳಿದೆ. ಕೇಳಿತು. ಬೆರಳು ಒಂದೇ ಒಂದೆ. ಬಂಡೆಯ ನುಣುಪು ಕೆಳಗೆ ಜಾರಿಹೋಯಿತು, ಗದ್ದಲವೆಲ್ಲ ನಿಂತಿತು, ಚಕ್ರದ ಕೆಳಗೆ ಹುಲ್ಲಿನ ಸರಸರ ಮಾತ್ರ ಉಳಿಯಿತು.

ಎರಡೂ ಕಾಲು ಪೆಡಲ್ ಮೇಲೇ ಇದ್ದವು. ಇಳಿಯಲು ಮನಸ್ಸಾಗದೆ ಹುಲ್ಲಿನಲ್ಲಿ ಎರಡು ಸುತ್ತು ಹಾಕಿದೆ. ಆಂಟಿ ಕೊಡೆ ಮಡಚಿ ಎದ್ದು ನಿಂತು, ಬದುಕಿನಲ್ಲಿ ಮೊದಲ ಬಾರಿಗೆ ಇರಬೇಕು, ಚಪ್ಪಾಳೆ ತಟ್ಟಿದರು. ಆಮೇಲೆ 'ಮೊಣಕೈ ಇನ್ನೂ ಸ್ವಲ್ಪ ಹೊರಗಿರಬೇಕಿತ್ತು' ಎಂದರು. ಡಾಕ್ಟರ ಬಾಯಿ ತೆರೆದೇ ಇತ್ತು. ಒಳಗೆ ಎಲ್ಲ ಚೆನ್ನಾಗಿದೆ, ನಾನು ನೋಡಿದೆ.

ಬಾಯಿ ಮುಚ್ಚಿದ ಮೇಲೆ ಅವರು ಹೇಳಿದ್ದು ಇದು, ಅವರ ಮೇಲೆ ಸಿಟ್ಟಾಗಬೇಡಿ: 'ನಿಮ್ಮ ಯಜಮಾನ್ರು ಇಷ್ಟು ವರ್ಷದಲ್ಲಿ ಒಂದ್ಸಲಾನೂ ಇದನ್ನ ಓಡಿಸಿ ದಾಟಿಲ್ಲ ಗೊತ್ತಾ. ಸೈಕಲ್ಲನ್ನ ಭುಜದ ಮೇಲೆ ಹೊತ್ಕೊಂಡು ಪಕ್ಕದ ಕಾಲುದಾರೀಲಿ ಇಳೀತಿದ್ರು. ನಿಮಗೆ ಹೇಳ್ಬೇಡಿ ಅಂತಿದ್ರು.' ನಾನು ನಗಲಿಲ್ಲ. ಸುಳ್ಳು, ಸ್ವಲ್ಪ ನಕ್ಕೆ. ಆಮೇಲೆ ಸೈಕಲ್ಲನ್ನು ಭುಜಕ್ಕೇರಿಸಿ ನೋಡಿದೆ, ಭಾರವೇ ಇದೆ. ಅದನ್ನು ಹೊತ್ತು ಇಳಿಯುವುದು ಕಷ್ಟ. ಇಳಿದು, ಕಾರಿನಲ್ಲಿ ಕೂತವಳ ಮುಂದೆ ಎದೆ ಸೆಟೆಸಿಕೊಂಡು ಬರುವುದು ಇನ್ನೂ ಕಷ್ಟವಿದ್ದಿರಬೇಕು. ನೀವು ನನಗೆ ಹೇಳಬಹುದಿತ್ತು. ಇಬ್ಬರೂ ಒಟ್ಟಿಗೆ ಬೀಳಬಹುದಿತ್ತು.

ಡಾಕ್ಟರು ಚಾದರ ಮಡಚಿಕೊಂಡು, ಕಾರು ಖಾಲಿ ತೆಗೆದುಕೊಂಡು ಹೋದರು. ಆದ್ದರಿಂದ ನಿಮ್ಮ ಪತ್ರಕ್ಕೆ ಉತ್ತರ: ಸೈಕಲ್ಲು ಕೊಡುವುದಿಲ್ಲ. ಈಗ ಅದು ಹಜಾರದಲ್ಲಿ ಗೋಡೆಗೆ ಒರಗಿದೆ, ಚಕ್ರದ ತುಂಬ ಗುಡ್ಡದ ಕೆಂಪು ಮಣ್ಣು. ಇವತ್ತು ಒರೆಸುವುದಿಲ್ಲ, ನೋಡುತ್ತಾ ಕೂತಿರುತ್ತೇನೆ.

ಇಂತಿ ನಿಮ್ಮ
(ಈ ಪದವನ್ನು ಅಭ್ಯಾಸಬಲದಿಂದ ಬರೆದೆ. ಹೊಡೆದುಹಾಕಿದರೆ ಹಾಳೆ ಕೆಡುತ್ತದೆಂದು ಬಿಟ್ಟಿದ್ದೇನೆ)
ಸೈಕಲ್ಲಿನ ಒಡತಿ

ತಾ.ಕ.: ಸೈಕಲ್ಲು ಕೇಳಿದ ಮೇಲೆ, ಪತ್ರದ ಕೊನೆಯಲ್ಲಿ ನೀವು ಇನ್ನೊಂದನ್ನೂ ಕೇಳಿದ್ದಿರಿ: ಮನೆಯ ಬೀಗ ಬದಲಾಯಿಸಿದ್ದೀಯಾ ಎಂದು. ಅದಕ್ಕೆ ಉತ್ತರಿಸುವುದೇ ಬೇಡವೆಂದುಕೊಂಡು ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಬದಲಾಯಿಸಿಲ್ಲ. ಸೈಕಲ್ಲಿನ ಬೀಗ ಮಾತ್ರ ಬದಲಾಯಿಸಿದ್ದೇನೆ.